ಕುಂಟಲು ಹೊರಟ ಕೆಂಪಿ

ಸಿಸಿಲಿಬಾಯಿಯ ಹಿತ್ತಲಲ್ಲಿದ್ದ ಬೆಳ್ಳಿ ಎಂಬ ಹೇಂಟೆಗೆ ಹುಟ್ಟಿನಿಂದಲೇ ಒಂದು ಕಾಲು ಸೊಟ್ಟ. ಅದು ಕುಂಟುತ್ತ ತಲುಪುವಷ್ಟರಲ್ಲಿ ಚೆಲ್ಲಿದ ಕಾಳನ್ನೆಲ್ಲ ಉಳಿದ ಕೋಳಿಗಳು ಮುಗಿಸಿರುತ್ತಿದ್ದವು. ಹಾಗಾಗಿ ಆಕೆ ಅದಕ್ಕೆಂದೇ ಬೇರೆ ಬಟ್ಟಲಲ್ಲಿ ಮೊಸರನ್ನ ಇಡುತ್ತಿದ್ದಳು. ಇದನ್ನು ಕಂಡು ಹಿರಿಯ ಹೇಂಟೆ ಕೆಂಪಿಗೆ ಹೊಟ್ಟೆಕಿಚ್ಚು.

"ಕುಂಟಿದವರಿಗೆ ಮೊಸರನ್ನ ಸಿಗುವುದಾದರೆ ನನಗೇನು ಕುಂಟಲು ಬಾರದೇ?" ಎಂದು ಅದು ಕಾಲೆಳೆಯುತ್ತ ಹೊರಟಿತು. ಅದನ್ನು ನೋಡಿ ಹುಂಜವೂ ಕುಂಟಿತು.

"ಅಯ್ಯೋ ದೇವರೇ, ರೋಗ ಹಬ್ಬಿತಲ್ಲ!" ಎಂದು ಸಿಸಿಲಿಬಾಯಿ ಎರಡನ್ನೂ ಹಿಡಿದು, ಕೊಕ್ಕು ಬಿಡಿಸಿ, ಬೇವಿನ ಕಷಾಯ ಹೊಯ್ದಳು.

ಬೆಳ್ಳಿ ಮೆಲ್ಲನೆ ಹತ್ತಿರ ಬಂದು, "ಅಕ್ಕಾ, ಅನ್ನ ಬೇಕಿದ್ದರೆ ಕೇಳಬಾರದಿತ್ತೇ? ನನ್ನೊಬ್ಬಳಿಂದ ಅಷ್ಟು ಮುಗಿಯುವುದೇ ಇಲ್ಲ" ಎಂದಿತು.

ನಾಚಿಹೋದ ಕೆಂಪಿ ಎರಡೂ ಕಾಲೂರಿ ಬಟ್ಟಲಿನತ್ತ ಓಡಿತು.