ಆರು ಗಂಟಿನ ಹುರಿ

"ಗುರುಗಳೇ, ದಾರಿ ಬಲ್ಲವನಿಗೆ ಇನ್ನೊಬ್ಬರ ಹಂಗು ಏಕೆ ಬೇಕು?"

ಶಿಷ್ಯ ಹೀಗೆ ಕೇಳಿದ್ದು ಮಠದ ಜಗಲಿಯಲ್ಲಿ ನಿಂತು. ಬೆಟ್ಟದಾಚೆಯ ಕಣಿವೆಗೆ ಒಬ್ಬನೇ ಹೊರಟಿದ್ದ. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕೋಲು. ಯಾವಾಗ ಬರ್ತೀಯಪ್ಪ ಎಂದು ಅಡಿಗೆಯ ಅಜ್ಜಿ ಕೇಳಿದಾಗ ನಕ್ಕು ಸುಮ್ಮನಾಗಿದ್ದ. ಆ ನಗು ಗುರುಗಳ ಕಣ್ಣಿಗೆ ಬಿದ್ದಿತ್ತು.

"ಬಿಸಿಲೇರಲು ಇನ್ನೂ ಹೊತ್ತಿದೆ. ಕೂತುಕೋ ಮರಿ," ಎಂದು ಗುರುಗಳು ಕತೆ ಹೇಳಿದರು.

ಇದೇ ಬೆಟ್ಟಸಾಲಿನ ಒಂದು ಕಣಿವೆಯಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಕತ್ತಾಳೆ ನಾರಿಗಾಗಿ ಬೆಟ್ಟವೆಲ್ಲ ಅಲೆದವನು. ಯಾವ ಬಂಡೆಯ ಸಂದಿಯಲ್ಲಿ ನೀರು ಜಿನುಗುತ್ತದೆ, ಯಾವ ಗವಿಯಲ್ಲಿ ಕರಡಿ ಮಲಗುತ್ತದೆ, ಎಲ್ಲ ಅವನಿಗೆ ಗೊತ್ತು. ಗೊತ್ತು ಎಂಬುದನ್ನು ಅವನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಅವನೆದುರು ಬೆಟ್ಟದ ಮಾತೆತ್ತಿದವರ ಬಾಯಿಗೆ ಬೀಗ ಬೀಳುತ್ತಿತ್ತು. ಬರಬರುತ್ತ ಜನ ಅವನೆದುರು ಬೆಟ್ಟದ ಮಾತು ಬಿಟ್ಟರು. ಆಮೇಲೆ ಉಳಿದ ಮಾತುಗಳನ್ನೂ ಬಿಟ್ಟರು.

ನಮ್ಮಲ್ಲಿರುವಂತೆ ಆ ಕಣಿವೆಯಲ್ಲೂ ಒಂದು ಕಟ್ಟಳೆ ಇತ್ತು. ಬೆಟ್ಟ ದಾಟುವವನು ಒಂದು ಹುರಿ ತೆಗೆದುಕೊಂಡು, ಹೋಗಿ ಬರಲು ಎಷ್ಟು ದಿನವೋ ಅಷ್ಟು ಗಂಟು ಹಾಕಿ, ಊರಲ್ಲಿ ಉಳಿಯುವ ಒಬ್ಬರ ಕೈಗೆ ಕೊಟ್ಟು ಹೋಗಬೇಕು. ಅವರು ದಿನಾ ಸಂಜೆ ಒಂದು ಗಂಟು ಬಿಚ್ಚಬೇಕು. ಕೊನೆಯ ಗಂಟು ಬಿಚ್ಚಿದ ಸಂಜೆಯೂ ಅವನು ಬರದಿದ್ದರೆ, ಖಾಲಿ ಹುರಿ ಹಿಡಿದು ಊರ ನಡುವೆ ನಿಂತು ಅವನ ಹೆಸರು ಕೂಗಬೇಕು. ಮರುದಿನ ಬೆಳಕು ಹರಿಯುತ್ತಲೇ ನಾಲ್ಕು ಜನ ಹುಡುಕಲು ಬೆಟ್ಟ ಹತ್ತುತ್ತಿದ್ದರು.

ಊರವರ ಹುರಿಗಳನ್ನೆಲ್ಲ ಹೊಸೆದುಕೊಟ್ಟವನು ಇವನೇ. ಇವನ ಹುರಿಯನ್ನು ತಾಯಿ ಹಿಡಿಯುತ್ತಿದ್ದಳು. ತಾಯಿ ಹೋದ ಮೇಲೆ ಇವನು ಬೆಟ್ಟ ದಾಟಿರಲಿಲ್ಲ. ಬೆಳಗ್ಗೆ ನಾರಿಗೆ ಹೋಗಿ ಸಂಜೆಗೆ ಬಂದುಬಿಡುತ್ತಿದ್ದ. ಏಕೆಂದು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಒಂದು ದಿನ ಕಣದಲ್ಲಿ ನಾಲ್ಕು ಜನ ಸೇರಿ ಮಾತಾಡುತ್ತಿದ್ದರು. ಆಚೆಯ ಕಣಿವೆಯಲ್ಲಿ ಬಾವಿ ತೋಡಿದ್ದಾರೆ, ಹಗ್ಗ ಬೇಕಂತೆ, ಆದರೆ ಬೆಟ್ಟ ಸುತ್ತಿ ಹೋಗಲು ಐದು ದಿನ ಎಂದರು. ದೂರದಲ್ಲಿ ನಾರು ಬಡಿಯುತ್ತಿದ್ದ ಇವನು ಅಲ್ಲಿಂದಲೇ ಕೂಗಿದ. "ಸುತ್ತೋದು ನಿಮ್ಮಂಥವರು! ನಾನು ನೆತ್ತಿ ಹತ್ತಿ ನೇರ ಇಳೀತೀನಿ. ಎರಡೇ ದಿನ!"

ಅವರಲ್ಲಿ ಯಾರೂ ಆಗಲ್ಲ ಎನ್ನಲಿಲ್ಲ. ಎಂದಿದ್ದರೆ ಅವನಿಗೆ ಚೆನ್ನಾಗಿತ್ತು.

ಮೂರು ದಿನ ಅವನು ಮನೆಯ ನೆಲದ ಮೇಲೆ ಇದ್ದಿಲಿನಿಂದ ಬೆಟ್ಟ ಬರೆದ. ನೀರಿರುವ ಕಡೆ ಒಂದೊಂದು ಅವರೆಕಾಳು ಇಟ್ಟ. ಮಲಗಲು ಗವಿ ಇರುವ ಕಡೆ ಹುಣಸೆಬೀಜ ಇಟ್ಟ. ಹೋಗಲು ಎರಡು ದಿನ, ಹಗ್ಗ ಮಾರಲು ಒಂದು ದಿನ, ಬರಲು ಎರಡು ದಿನ, ಮಳೆ ಮಂಜಿಗೆಂದು ಮೇಲೊಂದು ದಿನ. ಆರು ದಿನಕ್ಕೆ ಅವಲಕ್ಕಿ, ಬೆಲ್ಲ ಕಟ್ಟಿದ. ಎದ್ದು ನಿಂತು ನೆಲದ ಮೇಲಿನ ಬೆಟ್ಟ ನೋಡಿದ. ಒಂದು ಕಾಳೂ ತಪ್ಪಿರಲಿಲ್ಲ. ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಹುರಿ ತೆಗೆದು ಆರು ಗಂಟು ಹಾಕಿದ. ಹಾಕಿ, ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತ.

ಬೆಳಗ್ಗೆ ಹಗ್ಗದ ಹೊರೆ ಹೊತ್ತು ಹೊರಟಾಗ ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ಕಸ ಗುಡಿಸುತ್ತಿದ್ದಳು.

"ಹುರಿ ಯಾರ ಕೈಗೆ ಕೊಟ್ಟೆಯೋ?"

ಅವಳು ಕೈಯೊರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅವನು ಅದನ್ನು ಕಂಡ. ಕಂಡರೂ ಬಾಯಿ ಮೊದಲು ಓಡಿತು.

"ನನ್ನನ್ನು ಹುಡುಕೋ ಗಂಡು ಈ ಕಣಿವೇಲಿ ಇನ್ನೂ ಹುಟ್ಟಿಲ್ಲ ಅತ್ತೆ. ನನ್ನ ಗಂಟು ನಾನೇ ಬಿಚ್ಕೋತೀನಿ!"

"ಹಂಗಂತೀಯಾ? ಆಯ್ತು ಬಿಡಪ್ಪ," ಎಂದು ಅವಳು ಮತ್ತೆ ಪೊರಕೆ ಹಿಡಿದಳು. ಅವನು ಹುರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದ.

ಮೊದಲ ದಿನ ಎಲ್ಲವೂ ನೆಲದ ಮೇಲೆ ಬರೆದಂತೆಯೇ ಇತ್ತು. ಅವರೆಕಾಳು ಇಟ್ಟಲ್ಲಿ ನೀರು ಸಿಕ್ಕಿತು. ಹುಣಸೆಬೀಜ ಇಟ್ಟಲ್ಲಿ ಗವಿ ಸಿಕ್ಕಿತು. ಸಂಜೆ ಒಂದು ಗಂಟು ಬಿಚ್ಚಿ, ಭಲೇ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಎರಡನೆಯ ದಿನ ನೆತ್ತಿ ದಾಟಿ ಆಚೆ ಇಳಿದ. ಕೆಳಗೆ ಹೊಸ ಕಣಿವೆಯ ಹೊಗೆ ಕಾಣುತ್ತಿತ್ತು. ಆಗ ಕಾಲ ಕೆಳಗಿನ ಒಂದು ಕಲ್ಲು ಉರುಳಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಲ್ಲು ಉರುಳಿತು, ಅಷ್ಟೇ. ಅವನು ಹೊರೆಯ ಸಮೇತ ಒಂದು ಕೊರಕಲಿಗೆ ಬಿದ್ದ. ಎಡಗಾಲಿನ ಮೂಳೆ ಮುರಿಯಿತು.

ಪಕ್ಕದಲ್ಲೇ ನೀರು ಜಿನುಗುತ್ತಿತ್ತು. ಅವಲಕ್ಕಿ ಇತ್ತು. ಸಾಯುವಂತಿರಲಿಲ್ಲ, ಏಳುವಂತೆಯೂ ಇರಲಿಲ್ಲ. ದಿನವೆಲ್ಲ ಕೂಗಿದ. ಕೂಗು ಎದುರಿನ ಬಂಡೆಗೆ ಬಡಿದು ಅವನಿಗೇ ವಾಪಸು ಬರುತ್ತಿತ್ತು. ಸಂಜೆ ಒಂದು ಗಂಟು ಬಿಚ್ಚುತ್ತಿದ್ದ. ಎರಡನೆಯದು ಹೋಯಿತು. ಮೂರನೆಯದು ಹೋಯಿತು. ನಾಲ್ಕನೆಯದು ಹೋಯಿತು. ಐದನೆಯದು ಹೋಯಿತು. ಕೊನೆಯದನ್ನು ಬಿಚ್ಚಲು ಮಾತ್ರ ಮನಸ್ಸು ಬರಲಿಲ್ಲ. ಗಂಟು ಕಣ್ಣಿಗೆ ಕಾಣದಷ್ಟು ಮಬ್ಬಾದ ಮೇಲೆ ಬೆರಳಿನಿಂದ ಮುಟ್ಟಿ ಬಿಚ್ಚಿದ.

ಈಗ ಊರ ನಡುವೆ ಒಬ್ಬರು ನಿಂತು ತನ್ನ ಹೆಸರು ಕೂಗಬೇಕಿತ್ತು. ಅವನು ಕಿವಿಗೊಟ್ಟ. ಬೆಟ್ಟದಾಚೆಯ ದನಿ ಕೇಳುವುದಿಲ್ಲವೆಂದು ಗೊತ್ತಿದ್ದೂ ಕಿವಿಗೊಟ್ಟ. ಖಾಲಿ ಹುರಿ ಅವನ ಕೈಯಲ್ಲೇ ಇತ್ತು.

ಮರುದಿನ ಬಿಚ್ಚಲು ಏನೂ ಉಳಿದಿರಲಿಲ್ಲ. ಸಂಜೆ ಹೇಗೆ ಕಳೆಯುವುದೆಂದು ತಿಳಿಯದೆ, ತಾನೇ ಒಂದು ಗಂಟು ಹಾಕಿ, ತಾನೇ ಬಿಚ್ಚಿದ. ಅದರ ಮರುದಿನ ಅವಲಕ್ಕಿ ಮುಗಿಯಿತು. ಬೆಲ್ಲ ಕಟ್ಟಿದ್ದ ಎಲೆ ನೆಕ್ಕಿದ. ಅಂದೂ ಒಂದು ಗಂಟು ಹಾಕಿದ. ಅದನ್ನು ಬಿಚ್ಚುವ ಮೊದಲೇ ಕೆಳಗಿನ ಇಳಿಜಾರಿನಿಂದ ಒಂದು ದನಿ ಕೇಳಿಸಿತು.

"ಕೆಂದೀ... ಬಾರೇ ಕೆಂದೀ..."

ಹಸುವಿನ ಹೆಸರು. ಅದು ಅವನಿಗೂ ಗೊತ್ತಾಯಿತು. ಒಂದು ಜೀವದ ಹೆಸರನ್ನು ಇನ್ನೊಂದು ಜೀವ ಕರೆಯುವುದನ್ನು ಕೇಳಿ ಎಷ್ಟು ದಿನವಾಗಿತ್ತೋ. ಅವನು ಮೊಣಕೈ ಊರಿ ಎದ್ದು, ಇದ್ದ ಉಸಿರನ್ನೆಲ್ಲ ಕೂಡಿಸಿ ಓಗೊಟ್ಟ.

"ಓ..."

ಸ್ವಲ್ಪ ಹೊತ್ತಿಗೆ ಕೊರಕಲಿನ ಅಂಚಿನಲ್ಲಿ ಒಬ್ಬ ಮುದುಕನ ತಲೆ ಕಾಣಿಸಿತು.

"ಏನಯ್ಯಾ, ಕೆಂದಿ ನೀನೇನಾ?"

"ನಾನೇ ಅಂದ್ಕೋ ಅಜ್ಜ."

"ಕೊಂಬು ಕಾಣಿಸ್ತಿಲ್ವಲ್ಲೋ!"

"ಬೀಳುವಾಗ ಮುರೀತು," ಎಂದ ಅವನು. ನಗಲು ಹೋಗಿ ಅತ್ತ. ಮುದುಕ ಮೆಲ್ಲಗೆ ಇಳಿದು ಬಂದು ಪಕ್ಕದಲ್ಲಿ ಕೂತ. ಅಳು ನಿಲ್ಲುವ ತನಕ ಬೇರೆತ್ತಲೋ ನೋಡುತ್ತಿದ್ದ.

"ಹಸು ತಪ್ಪಿ ಎಷ್ಟು ದಿನ ಆಯ್ತಜ್ಜ?"

"ದಿನ ಎಲ್ಲಿ ಬಂತು? ಮಧ್ಯಾಹ್ನದಿಂದ ಕಾಣ್ತಿಲ್ಲ."

ಹಗ್ಗದವನು ಕೈಯಲ್ಲಿದ್ದ ಹುರಿಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ.

ಮುದುಕನ ಮಕ್ಕಳು ಬಂದು ಅವನ ಹಗ್ಗಗಳಿಂದಲೇ ಒಂದು ಜೋಲಿ ಕಟ್ಟಿ ಅವನನ್ನು ಹೊತ್ತು ಇಳಿಸಿದರು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಎರಡು ತಿಂಗಳು ಮಲಗಿದ. ಕಾಲು ಕೂಡಿಕೊಂಡ ಮೇಲೆ ಐದು ದಿನದ ಸುತ್ತುದಾರಿಯಲ್ಲಿ ಕುಂಟುತ್ತ ಊರಿಗೆ ಬಂದ. ಊರಲ್ಲಿ ಯಾರೂ ಗಾಬರಿಯಾಗಿರಲಿಲ್ಲ. ಅಂಥವನಿಗೆ ಏನಾದೀತು ಎಂದುಕೊಂಡಿದ್ದರು. ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ಕಸ ಗುಡಿಸುತ್ತಿದ್ದಳು. ವ್ಯಾಪಾರ ಜೋರಾ ಎಂದು ಕೇಳಿದಳು. ಜೋರು ಎಂದು ಹೇಳಲು ಅವನ ಬಾಯಿ ಈ ಸಲ ಮುಂದೆ ಓಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಜಗಲಿಯ ಮೆಟ್ಟಿಲಿಗೆ ಬಂದಿತ್ತು.

"ಮುಂದಿನ ಸಲ ಅವನು ಹುರಿಯನ್ನು ಯಾರ ಕೈಗೆ ಕೊಟ್ಟ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಹೆಗಲಿನ ಕಡೆ ನೋಡಿದರು.

"ಮರಿ, ನಿನ್ನ ಜೋಳಿಗೆಯಿಂದ ಹುರಿಯ ತುದಿ ಹೊರಗೆ ಕಾಣುತ್ತಿದೆ."

ಶಿಷ್ಯ ಹುರಿಯನ್ನು ಹೊರಗೆಳೆದುಕೊಂಡು ಅಡಿಗೆಯ ಅಜ್ಜಿಯ ಕಡೆ ನಡೆದ.