ನಡೆಯಯ್ಯನ ಕೋಲು ಹಿಡಿದ ಕೆಂಚೀರ

ಸರಿದು ಕೂತ್ಕೊಳ್ಳಿ, ದೀಪಕ್ಕೆ ಅಡ್ಡ ಬರಬೇಡಿ. ನಡುವೆ ಯಾರಾದ್ರೂ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ, ಆಮೇಲೆ ಕೈಕಾಲು ಹಿಡಿದ್ರೂ ಹೇಳಲ್ಲ.

ಕವಲೂರು ಅಂತ ಒಂದೂರು. ಆ ಊರಿನ ದೇವರು ನಡೆಯಯ್ಯ. ತಿಳಿವಳಿಕೆಗೂ ಅವನೇ ದೇವರು, ತಿರುಗಾಟಕ್ಕೂ ಅವನೇ. ಗುಡಿ ಒಳಗೆ ಇಣುಕಿದ್ರೆ ಮೂರ್ತಿಯೇ ಇಲ್ಲ! ಕಲ್ಲಿನ ಮೇಲೆ ಎರಡು ಹೆಜ್ಜೆ ಗುರುತು, ಅದೂ ಬಾಗಿಲ ಕಡೆ ತಿರುಗಿದ್ದು. "ಎಲ್ರಪ್ಪ ನಿಮ್ಮ ದೇವರು?" ಅಂದ್ರೆ, "ಏನೋ ತಿಳ್ಕೊಂಡು ಬರೋಕೆ ಈಗ ತಾನೆ ಎದ್ದು ಹೋದ" ಅಂತಾರೆ. ಬಂದವನು ಬಾಯಾರಿರ್ತಾನೆ ಅಂತ ದಿನಾ ಒಂದು ಲೋಟ ಮಜ್ಜಿಗೆ ಇಟ್ಟು ಕಾಯ್ತಾರೆ.

ಆ ದೇವರದ್ದೊಂದು ಕಟ್ಟಳೆ. ವಯಸ್ಸಿಗೆ ಬಂದೋರು ಹಾದಿ ಹಿಡಿದು ಹೋಗಬೇಕು, ಊರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ತಿಳ್ಕೊಂಡು ಬಂದು ಗುಡಿ ಮುಂದೆ ಹೇಳಬೇಕು. ಹೇಳಿದೋರಿಗೆ ಒಂದು ಕೋಲು. ಆ ಕೋಲು ಹಿಡಿದು ಯಾರ ಬಾಗಿಲಲ್ಲಿ ನಿಂತ್ರೂ ಅನ್ನ ಇಲ್ಲ ಅನ್ನೋ ಹಾಗಿಲ್ಲ, ಯಾವ ಸೀಮೆಯಲ್ಲಾದ್ರೂ ಸರಿ.

ಪುಟ್ಟೀರಮ್ಮನಿಗೆ ಆ ಕೋಲು ಬೇಕಿತ್ತು. ಅವಳಿಗಲ್ಲ, ಮಗ ಕೆಂಚೀರನಿಗೆ. ಆಳೆತ್ತರ ಬೆಳೆದಿದ್ದ, ತಲೆ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. "ಬಾಗಿಲು ನೋಡ್ಕೊಳೋ" ಅಂದ್ರೆ ಸಂಜೆತನಕ ಬಾಗಿಲನ್ನೇ ನೋಡ್ತಾ ಕೂರ್ತಿದ್ದ, ಹಿಂದುಗಡೆಯಿಂದ ಮೇಕೆ ಬಂದು ಹಿಟ್ಟು ತಿಂದು ಹೋಗ್ತಿತ್ತು. ಅವಳಿಗೋ ಎದೆಯಲ್ಲಿ ಉಬ್ಬಸ. ನಾನು ಕಣ್ಣು ಮುಚ್ಚಿದ ಮೇಲೆ ಇವನ ಹೊಟ್ಟೆಗೆ ಯಾರು ಹಾಕ್ತಾರೆ? ಅದೊಂದೇ ಚಿಂತೆ, ಕೂತ್ರೂ ಅದೇ, ನಿಂತ್ರೂ ಅದೇ.

"ಹೋಗೋ ನನ್ನಪ್ಪ, ಹಾದೀಲಿ ಸಿಕ್ಕಿದೋರ ಹತ್ರ ಏನಾದ್ರೂ ಕಲ್ತು ಬಾ. ಕಲ್ತಿದ್ದನ್ನ ಗುಡಿ ಮುಂದೆ ಮಾಡಿ ತೋರಿಸು!"

"ಆಗಲಿ ಅವ್ವಾ!"

ಹೋದ. ಕುಂಬಾರನೊಬ್ಬ ಸಿಕ್ಕಿದ. ಒಂದೊಂದೇ ಮಡಕೆ ಎತ್ತಿ ಬೆರಳ ಗೆಣ್ಣಿನಿಂದ ಬಡೀತಿದ್ದ. "ಯಾಕಣ್ಣ ಬಡೀತೀಯ?" ಅಂದ. "ಠಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಬಿರುಕು ಕಣೋ" ಅಂದ ಕುಂಬಾರ.

ಕೆಂಚೀರ ಓಡೋಡಿ ಬಂದ. ಗುಡಿ ಮುಂದೆ ಊರಿನ ಹಿರಿಯ ಬೂದಯ್ಯ ಕೂತಿದ್ರು. ತಲೆ ಬೋಳು, ನುಣ್ಣಗೆ ಹೊಳೀತಿತ್ತು. "ಏನು ಕಲ್ತೆ ಮಗಾ?" ಅಂದ್ರು. ಹೇಳು ಅಂದಿಲ್ವಲ್ಲ ಅವ್ವ, ಮಾಡಿ ತೋರಿಸು ಅಂದಿದ್ದಾಳೆ! ಬೂದಯ್ಯನ ತಲೆ ಮೇಲೆ ಬಡಿದೇಬಿಟ್ಟ. ದಬ್!

"ಅಯ್ಯಾ, ಬಿರುಕು ಬಿಟ್ಟಿದೆ!"

ಅಯ್ಯೋ ನಗಬೇಡ್ರೋ, ಪುಟ್ಟೀರಮ್ಮನ ಮಾನ ಹೋಗಿತ್ತು ಅಲ್ಲಿ. ಮಗನ ಕಿವಿ ಹಿಡಿದು ಮನೆಗೆ ಎಳ್ಕೊಂಡು ಬಂದ್ಲು.

"ದೊಡ್ಡೋರ ಮೈ ಮುಟ್ತೀಯೇನೋ, ಮಂಕೇ! ಇನ್ಮೇಲೆ ದೊಡ್ಡೋರು ಕಂಡ್ರೆ ದೂರ ನಿಂತ್ಕೋ, ಕೈ ಮುಗಿ, ತಮ್ಮ ದಯೆ ಅನ್ನು!"

"ಆಗಲಿ ಅವ್ವಾ!"

ಮತ್ತೆ ಹೊರಟ. ಹಳ್ಳದ ಮರಳಲ್ಲಿ ಒಂದು ಕುಂಬಳಕಾಯಿ ಗಾಡಿ ಹೂತು ನಿಂತಿತ್ತು. ವಯಸ್ಸಾದ ಗಾಡಿಯವನು ಚಕ್ರಕ್ಕೆ ಬೆನ್ನು ಕೊಟ್ಟು ಒದ್ದಾಡ್ತಿದ್ದ. "ಬಾರೋ ತಮ್ಮಾ, ಒಂಚೂರು ಕೈ ಹಾಕು!"

ಕೆಂಚೀರ ದೂರ ನಿಂತ. ಕೈ ಮುಗಿದ. "ತಮ್ಮ ದಯೆ!"

"ನನ್ನ ದಯೆ ಏನು ಬಂತು, ಗಾಡಿ ವಾಲ್ತಿದೆ ಬಾರೋ!"

"ತಮ್ಮ ದಯೆ!"

ಗಾಡಿ ಮಗುಚ್ತು. ಕುಂಬಳಕಾಯಿ ಎಲ್ಲ ಹಳ್ಳದ ಪಾಲು. ಗಾಡಿಯವನು ಚಾವಟಿ ಎತ್ಕೊಂಡೇ ಬಂದ, ಆದ್ರೆ ಹುಡುಗನ ಮುಖ ನೋಡಿ ಇಳಿಸಿದ. ಅಂಥಾ ಮುಖಕ್ಕೆ ಹೊಡೆಯೋಕೆ ಯಾರಿಗೂ ಮನಸ್ಸು ಬರಲ್ಲ.

"ನಿನ್ನ ಬುದ್ಧಿಗಿಷ್ಟು! ಕಷ್ಟದಲ್ಲಿರೋರು ಕಂಡ್ರೆ ಬಾಯಿ ಮುಚ್ಕೊಂಡು ಹೆಗಲು ಕೊಡಬೇಕು. ಮನೆ ಸೇರಿಸೋತನಕ ಇಳಿಸಬಾರ್ದು, ತಿಳೀತಾ!"

"ತಿಳೀತು ಅಣ್ಣಾ!"

ಅವತ್ತು ಊರಲ್ಲಿ ಮಂಡಿಸೇವೆ. ನಡೆದೂ ನಡೆದೂ ದೇವರ ಕಾಲು ನೋಯುತ್ತಲ್ಲ, ಆ ನೋವಲ್ಲಿ ನಮ್ಮದೂ ಒಂದು ಪಾಲಿರಲಿ ಅಂತ ಹಿರಿಯರು ಊರ ಬಾಗಿಲಿಂದ ಗುಡಿತನಕ ಮಂಡಿಯೂರಿ ಹೋಗೋದು ಪದ್ಧತಿ. ಕೆಂಚೀರ ಊರೊಳಗೆ ಕಾಲಿಡೋ ಹೊತ್ತಿಗೆ ಬೂದಯ್ಯ ಗುಡಿಯಿಂದ ನಾಲ್ಕು ಮಾರು ದೂರದಲ್ಲಿದ್ರು. ಮಂಡಿ ತರಚಿತ್ತು, ಬೆವರು ಸುರೀತಿತ್ತು.

ಕಷ್ಟದಲ್ಲಿದ್ದಾರೆ ಪಾಪ! ಬಾಯಿ ಮುಚ್ಕೊಂಡು ಬಗ್ಗಿದ, ಹೆಗಲ ಮೇಲೆ ಹಾಕ್ಕೊಂಡ, ಗುಡಿಗೆ ಬೆನ್ನು ಮಾಡಿ ಓಡಿದ! "ಇಳಿಸೋ! ಇಳಿಸೋ!" ಅಂತ ಊರಿಗೆ ಊರೇ ಹಿಂದೆ. ಇಳಿಸ್ತಾನಾ? ಮನೆ ಸೇರಬೇಕಲ್ಲ! ಬೂದಯ್ಯನ ಮನೆ ಜಗಲಿ ಮೇಲೆ ಕೂರಿಸಿದ ಮೇಲೇ ಬಾಯಿ ಬಿಟ್ಟ.

"ಅವ್ವಾ, ಅಯ್ಯ ಹಗುರ ಇದ್ದಾರೆ ಕಣೆ. ಹತ್ತಿಮೂಟೆಗಿಂತ ಹಗುರ. ಇವರು ಸರಿಯಾಗಿ ಉಣ್ತಾ ಇಲ್ಲ."

ಬೈಯೋಕೆ ಬಂದವರು ಬೂದಯ್ಯನ ಕಡೆ ತಿರುಗಿದ್ರು. ಬೂದಯ್ಯ ಸೆರಗಿಲ್ಲದ ಹೆಂಗಸಿನ ಹಾಗೆ ಶಲ್ಯ ಎಳೆದು ಎದೆ ಮುಚ್ಕೊಂಡ್ರು, ಪಕ್ಕೆಲುಬು ಕಾಣದಿರಲಿ ಅಂತ. ಹೆಂಡತಿ ಹೋದ ಮೇಲೆ ಅವರ ಒಲೆ ಸರಿಯಾಗಿ ಉರಿದಿರಲಿಲ್ಲ. ಒಬ್ಬರಿಗೂ ಹೇಳಿರಲಿಲ್ಲ, ಒಬ್ಬರೂ ಕೇಳಿರಲಿಲ್ಲ.

"ಕೆಂಚೀರನಿಗೆ ಕೋಲು ತನ್ನಿ" ಅಂದ್ರು. "ಊರಲ್ಲಿ ಯಾರಿಗೂ ಗೊತ್ತಿಲ್ಲದ್ದನ್ನ ತಿಳ್ಕೊಂಡು ಬಂದಿದ್ದಾನೆ." ನಾಳೆ ಮತ್ತೆ ಮೊದಲಿಂದ ಮಂಡಿ ಊರ್ತೀನಿ, ಇವತ್ತು ಯಾರಾದ್ರೂ ಒಂದು ತುತ್ತು ಹಾಕಿ ಅಂತಲೂ ಅಂದ್ರು. ಊರವರು ನಾಚ್ಕೊಂಡು ಅಡುಗೆಮನೆಗೆ ಓಡಿದ್ರು.

ಕೋಲು ಕೊಡುವಾಗ ಬೂದಯ್ಯ ಅವನನ್ನ ಮಗನ ಹಾಗೆ ಕೂರಿಸ್ಕೊಂಡು ಹೇಳಿದ್ರು: "ನೋಡಪ್ಪಾ, ಸಂಜೆ ಆಯ್ತೋ, ಅನ್ನ ಸಿಗುತ್ತೆ ಅಂತ ನಿನ್ನ ಮನಸ್ಸು ಹೇಳೋ ಬಾಗಿಲಿಗೆ ಹೋಗು. ಕೋಲು ಹಿಡಿದೋನಿಗೆ ನಂಟಿಲ್ಲ, ಹೆಸರಿಲ್ಲ. ಬಾಗಿಲು ತೆಗೆದೋಳು ಯಾರೇ ಆಗಲಿ, ತಾಯೀ ಅನ್ನು, ಹಾದಿಹೋಕ ಅನ್ನು. ಉಂಡೆದ್ದ ಮೇಲೆ, ಉಣ್ಣದೇ ಇರೋರು ಯಾರಾದ್ರೂ ನೆನಪಾದ್ರೆ ಅವರಿಗೂ ಒಂದು ತುತ್ತು ಕಟ್ಟಿಸ್ಕೋ."

ಮಾರನೇ ಬೆಳಿಗ್ಗೆ ಪುಟ್ಟೀರಮ್ಮ ಮಗನ ತಲೆ ಬಾಚಿದ್ಲು. "ಇವತ್ತು ಒಂದೇ ಒಂದು ಸಲ, ಬೇಡಿ ಉಂಡು ಬಾರೋ. ನೀನು ಉಣ್ತೀಯ ಅಂತ ಗೊತ್ತಾದ್ರೆ ನಾನು ನೆಮ್ಮದಿಯಾಗಿ ಇರ್ತೀನಿ." ಅವನು ಹೋದ. ಇವಳು ಒಲೆ ಮುಂದೆ ಕೂತ್ಲು. ಎಲ್ಲಿದ್ದಾನೋ, ಯಾರು ಗದರಿದ್ರೋ, ಯಾವ ನಾಯಿ ಅಟ್ಟಿಸ್ಕೊಂಡು ಬಂತೋ! ಮುದ್ದೆ ಮಾಡಿದ್ಲು, ಉಣ್ಣದೆ ಮುಚ್ಚಿಟ್ಲು.

ಹೊತ್ತು ಮುಳುಗ್ತು. ಮುಂಬಾಗಿಲು ತಟ್ಟಿದ ಸದ್ದು. ತೆಗೆದು ನೋಡ್ತಾಳೆ, ಕೋಲು ಹಿಡಿದು ಕೆಂಚೀರ!

"ತಾಯೀ, ಹಾದಿಹೋಕ ಬಂದಿದ್ದೀನಿ. ಅನ್ನ ಹಾಕಿ."

"ಅಯ್ಯೋ ನನ್ನ ಕರ್ಮವೇ! ನಾನು ಕಣೋ, ನಿನ್ನವ್ವ!"

"ನನಗೆ ನಂಟಿಲ್ಲ ತಾಯೀ. ಹಸಿವಾಗಿದೆ."

ಏನು ಮಾಡ್ತಾಳೆ? ಕೋಲು ಹಿಡಿದು ನಿಂತವನಿಗೆ ಇಲ್ಲ ಅನ್ನೋ ಹಾಗಿಲ್ಲ. ಕಾಲಿಗೆ ನೀರು ಕೊಟ್ಲು, ಎಲೆ ಹಾಕಿದ್ಲು, ಮುದ್ದೆ ಸೊಪ್ಪಿನಸಾರು ಬಡಿಸಿದ್ಲು. ಬೈಬೇಕು ಅಂತ ಬಾಯಿ ತೆಗೆದ್ರೆ ಅಳು ಬರ್ತಿತ್ತು. ಅವನು ಗಪಗಪ ಉಂಡ, ಕೈ ತೊಳೆದ, ಆಮೇಲೆ ತಲೆ ಕೆರ್ಕೊಂಡು ನಿಂತ.

"ಇನ್ನೊಂದು ಮುದ್ದೆ ಕಟ್ಟಿಕೊಡಿ ತಾಯೀ. ಮನೇಲಿ ನಮ್ಮವ್ವ ಒಬ್ಬಳೇ ಇದ್ದಾಳೆ. ನಾನಿಲ್ದೆ ಇದ್ರೆ ಅವಳು ಉಣ್ಣಲ್ಲ."

ಪುಟ್ಟೀರಮ್ಮ ತನ್ನ ಪಾಲಿನ ಮುದ್ದೆ ಬಟ್ಟೆಯಲ್ಲಿ ಕಟ್ಟಿ ಮಗನ ಕೈಗಿಟ್ಲು. ಅವನು ಕೈ ಮುಗಿದು ಮೆಟ್ಟಲಿಳಿದ, ಗೋಡೆ ಸುತ್ತಿದ, ಹಿತ್ತಲ ಬಾಗಿಲು ಬಡಿದ.

"ಅವ್ವಾ! ಅವ್ವಾ! ಬೇಗ ತೆಗಿಯೇ! ನಿನಗೆ ಊಟ ತಂದಿದ್ದೀನಿ. ಪುಣ್ಯಾತ್ಗಿತ್ತಿ ಒಬ್ಬಳು ಕೊಟ್ಲು ಕಣೆ. ಪಾಪ, ಯಾಕೋ ಅಳ್ತಿದ್ಲು. ನಾಳೆ ಹೋಗಿ ಮಾತಾಡಿಸ್ಕೊಂಡು ಬಾರೇ!"