ಬಿಳಿಯಿಂದ ಹೊರಟ ಮಾತು

ಕಾಳಿ ನದಿಯ ದಂಡೆಯಲ್ಲಿದ್ದ ಆ ಆಶ್ರಮದ ಗುರುಗಳು ಮೊದಲು ಮೆಣಸಿನ ವ್ಯಾಪಾರಿಯಾಗಿದ್ದವರು. ಅಂಗಡಿ ಬಿಟ್ಟು ಬಂದರೂ ಮೆಣಸು ಅವರನ್ನು ಬಿಟ್ಟಿರಲಿಲ್ಲ. ಹಣ್ಣಾದ ಕಾಳುಗಳನ್ನು ಗೋಣಿಯಲ್ಲಿ ಕಟ್ಟಿ ನೀರಲ್ಲಿ ನೆನೆಹಾಕಿ, ಮೇಲಿನ ಸಿಪ್ಪೆ ಉಜ್ಜಿ ತೆಗೆದು ಬೋಳುಕಾಳು, ಅಂದರೆ ಬಿಳಿಮೆಣಸು, ಮಾಡುವುದು ಅವರ ಕೆಲಸ. ಆಶ್ರಮದ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಉಪದೇಶ ಬೇಕೆಂದು ಬಂದವರಿಗೆ ಅವರು ಮೊದಲು ಒಂದು ಗೋಣಿ ತೋರಿಸುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ವಾಪಸು ಹೋಗುತ್ತಿದ್ದರು.

ಸುಬ್ರಾಯ ಹೋಗಲಿಲ್ಲ. ಅವನಿಗೆ ಕಾಳು ಉಜ್ಜುವ ಚಪ್ಪರದ ನೆರಳು ಬೇಕಾಗಿತ್ತು.

ಹುಟ್ಟಿನಿಂದಲೇ ಅವನ ಮೈ, ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಬಿಸಿಲು ಚರ್ಮ ಸುಡುತ್ತಿತ್ತು, ಕಣ್ಣಿಗೆ ಚುಚ್ಚುತ್ತಿತ್ತು. ಊರಿನವರು ಅವನನ್ನು ಪರಂಗಿ ಎಂದು ಕೂಗುತ್ತಿದ್ದರು. ಹುಬ್ಬಳ್ಳಿಯ ಡಾಕ್ಟರು ಆಲ್ಬಿನೊ ಎಂದಿದ್ದರು. ಎರಡೂ ಅವನು ಕೇಳಿ ಪಡೆದದ್ದಲ್ಲ.

ಒಂದು ಬೆಳಿಗ್ಗೆ ಅವನ ಸೋದರಮಾವ ಅನಂತಯ್ಯ ದೋಣಿಯಿಂದ ಇಳಿದ. ಕುಮಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಸುಬ್ರಾಯನ ತಂದೆ ತೀರಿಕೊಂಡ ಮೇಲೆ ಆ ಮನೆಯ ಹಿರಿತನವೂ ಅವನದೇ. ಕಂಕುಳಲ್ಲಿ ಮದುವೆಯ ಕರೆಯೋಲೆಗಳ ಕಟ್ಟು ಇತ್ತು.

"ನಿನ್ನ ತಂಗಿಗೆ ಗಂಡು ಗೊತ್ತಾಯ್ತು ಮಗಾ. ಅಂಕೋಲೆಯವರು. ಒಳ್ಳೇ ಜನ."

"ಸಂತೋಷ ಮಾವ."

"ನೀನು ಹಿಂದಿನ ದಿನವೇ ಬಾ. ಅಮ್ಮ ದಾರಿ ಕಾಯ್ತಾಳೆ. ಮದುವೆ ದಿನ ಮಾತ್ರ..."

"ಮದುವೆ ದಿನ ಎಂತ?"

"ಉಗ್ರಾಣದಲ್ಲಿ ಇರು. ಅಲ್ಲಿಯೂ ಕೆಲಸ ಬೇಕಾದಷ್ಟು ಇರ್ತದೆ. ಅರಳು ಹಾಕ್ಲಿಕ್ಕೆ ನಮ್ಮ ಗಜಾನನ ಇದ್ದಾನೆ."

ಹೋಮದ ಹೊತ್ತಿಗೆ ಮದುಮಗಳ ಬೊಗಸೆಗೆ ಅರಳು ಹಾಕುವವನು ಅವಳ ಒಡಹುಟ್ಟಿದವನು. ಅದು ಸುಬ್ರಾಯನಿಗೆ ಗೊತ್ತಿತ್ತು. ಅನಂತಯ್ಯನಿಗೂ ಗೊತ್ತಿತ್ತು. ಆದ್ದರಿಂದಲೇ ಅವನು ತನ್ನ ಮಗನ ಹೆಸರನ್ನು ನದಿಯ ಕಡೆ ನೋಡುತ್ತ ಹೇಳಿದ.

"ನಾನಿದ್ದೇನೆ ಅಂತ ಅವರಿಗೆ ಗೊತ್ತಿಲ್ಲವಾ ಮಾವ?"

"ಅಣ್ಣ ಒಬ್ಬ ಇದ್ದಾನೆ, ಆಶ್ರಮ ಸೇರಿದ್ದಾನೆ ಅಂತ ಹೇಳಿದ್ದೇನೆ. ಸುಳ್ಳು ಹೇಳಲಿಲ್ಲ."

"ಪೂರ್ತಿಯೂ ಹೇಳಲಿಲ್ಲ."

"ಪೂರ್ತಿ ಹೇಳಿ ಯಾರ ಮನೆ ಮದುವೆ ಆಗಿದೆ ಮಾರಾಯ? ಮಂಟಪದಲ್ಲಿ ನಿನ್ನ ಕಂಡರೆ ಗುಸುಗುಸು ಶುರುವಾಗ್ತದೆ. ನಾಳೆ ಇವಳ ಹೊಟ್ಟೆಯಲ್ಲೂ ಹೀಗೇ ಹುಟ್ಟಿದರೆ ಅಂತಾರೆ. ಹೋಗಲಿ, ನೋಡಿದವರು ನಾಲ್ಕು ದಿನಕ್ಕೆ ಮರೆತಾರು. ಆಲ್ಬಂ ಮರೆಯೂದಿಲ್ಲ. ಮನೆಗೆ ಬಂದವರಿಗೆಲ್ಲ ಚಾ ಜೊತೆ ಅದನ್ನೇ ಕೊಡ್ತಾರೆ. ಇವ ಯಾರು, ಇವಳು ಯಾರು ಅಂತ ಬೆರಳಿಟ್ಟು ಕೇಳ್ತಾರೆ."

ಸುಬ್ರಾಯ ಗೋಣಿಯ ಕಡೆ ತಿರುಗಿದ.

"ನೀನು ಆಲ್ಬಮ್ಮಿನಲ್ಲಿ ಬೀಳಬೇಡ. ನಾನು ಕೇಳೂದು ಅಷ್ಟೇ. ಈ ದಂಡೆಯಲ್ಲಿ ಇನ್ನೂ ಕೆಲವು ಮನೆ ಕರೆಯೂದುಂಟು. ಸಂಜೆ ತಿರುಗಿ ಬರ್ತೇನೆ, ಇಲ್ಲಿಂದ ಸೀದಾ ಅಂಕೋಲೆಗೇ ಹೋಗುವವ. ಆಗ ನಿನ್ನ ಮಾತು ಹೇಳು."

ಅನಂತಯ್ಯ ಹೋದ. ಸುಬ್ರಾಯ ನೆನೆದ ಗೋಣಿ ಬಿಚ್ಚಿ, ಕಾಳು ಬುಟ್ಟಿಗೆ ಸುರಿದು ಉಜ್ಜತೊಡಗಿದ.

ಗುರುಗಳು ಬಂದು ಒಂದು ಹಿಡಿ ಎತ್ತಿ ನೋಡಿದರು.

"ಸಿಪ್ಪೆಯ ಜೊತೆ ಕಾಳನ್ನೂ ಅರೀತಿದ್ದೀಯಲ್ಲ. ಅದರ ಮೇಲೆ ಎಂತಕ್ಕೆ ಸಿಟ್ಟು? ಅದಕ್ಕೆ ಗಿರಾಕಿ ಇದ್ದಾನೆ."

ಸುಬ್ರಾಯ ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ, "ನಾನು ಮದುವೆಗೇ ಹೋಗೂದಿಲ್ಲ ಗುರುಗಳೇ," ಎಂದ.

"ಹೋಗಬೇಡ."

ಅವನು ಆ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಬೇಡ ಎಂದವನಿಗೆ ಯಾರಾದರೂ ಒತ್ತಾಯ ಮಾಡಬೇಕಲ್ಲ. ಗುರುಗಳು ಪಕ್ಕದಲ್ಲಿ ಕೂತು ತಾವೂ ಕಾಳು ಉಜ್ಜತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ. "ಆಲ್ಬಿನೊ ಅಂದರೆ ಎಂತ ಗುರುಗಳೇ? ನಿಮಗೆ ಪರಂಗಿಯವರ ಭಾಷೆ ಗೊತ್ತಲ್ಲ. ನಾನು ಎಂತ ಅಂತ ಗೊತ್ತಾದರೆ ಮಾವನಿಗೆ ಎಂತ ಹೇಳಬೇಕು ಅಂತಲೂ ಗೊತ್ತಾದೀತು."

ಗುರುಗಳಿಗೆ ಆ ಭಾಷೆ ಗೊತ್ತಿತ್ತು. ವ್ಯಾಪಾರಕ್ಕೆಂದು ಗೋವೆಯ ಪಾದ್ರಿಯೊಬ್ಬರ ಹತ್ತಿರ ಪೋರ್ಚುಗೀಸ್ ಕಲಿಯಲು ಹೋಗಿ, ಪಾದ್ರಿಯ ಹಟಕ್ಕೆ ಲ್ಯಾಟಿನ್ನನ್ನೂ ಕಲಿತು ಬಂದಿದ್ದರು. ಎರಡನೆಯದು ಯಾವ ಗಿರಾಕಿಗೂ ಬೇಕಾಗಿರಲಿಲ್ಲ.

"ರೋಮಿನವರ ಲ್ಯಾಟಿನ್ನಿನಲ್ಲಿ ಆಲ್ಬುಸ್ ಅಂದರೆ ಬಿಳಿ. ಪೋರ್ಚುಗೀಸರು ಆಫ್ರಿಕದ ಕರಾವಳಿಯಲ್ಲಿ, ಕಪ್ಪು ಜನರ ನಡುವೆ, ನಿನ್ನಂಥವರನ್ನು ಕಂಡರು. ಆ ಮಾತಿನಿಂದ ಆಲ್ಬಿನೊ ಅಂತ ಮಾಡಿಕೊಂಡರು."

"ಅಂದರೆ ಬಿಳಿಯ."

"ಬಿಳಿಯ."

"ಇಷ್ಟೇಯಾ?" ಸುಬ್ರಾಯ ನಕ್ಕ. ಒಳ್ಳೆಯ ನಗುವಲ್ಲ. "ಊರವರು ಪರಂಗಿ ಅಂದದ್ದೂ ಅದೇ, ಡಾಕ್ಟರು ಅಂದದ್ದೂ ಅದೇ. ಅವರು ಪುಕ್ಕಟೆ ಅಂದರು, ಇವರು ಫೀಸು ತಗೊಂಡು ಅಂದರು."

ಗುರುಗಳೂ ನಕ್ಕರು. "ಸರಿಯಾಗಿ ಹೇಳಿದೆ. ಆದರೆ ಮನೆತನ ಪೂರ್ತಿ ವಿಚಾರಿಸದೆ ಸಂಬಂಧ ಬೇಡ ಅಂದುಬಿಟ್ಟೆ. ಆ ಮಾತಿಗೆ ಒಡಹುಟ್ಟಿದವರಿದ್ದಾರೆ. ಒಬ್ಬನ ಹೆಸರು ಬೆಳಿಗ್ಗೆ ನಿನ್ನ ಮಾವನ ಬಾಯಲ್ಲೇ ಬಂತು."

"ಯಾರದ್ದು?"

"ಆಲ್ಬಂ."

ಸುಬ್ರಾಯನ ಕೈ ನಿಂತಿತು.

"ರೋಮಿನ ಅಧಿಕಾರಿಗಳು ಸುಣ್ಣದಂಥದ್ದು ಬಳಿದ ಹಲಗೆ ಮಾಡಿ ಚೌಕದಲ್ಲಿ ನಿಲ್ಲಿಸ್ತಿದ್ದರು. ಅದರ ಮೇಲೆ ಕಾಯಿದೆ, ಹೆಸರು, ಎಲ್ಲರೂ ಓದಬೇಕಾದದ್ದು. ಹಲಗೆ ಬಿಳಿ ಇತ್ತು, ಆಲ್ಬಂ ಅಂದರು. ಎಷ್ಟೋ ಕಾಲ ಆದಮೇಲೆ ಜರ್ಮನಿಯ ವಿದ್ಯಾರ್ಥಿಗಳು ಖಾಲಿ ಪುಸ್ತಕ ಹಿಡಕೊಂಡು ಊರೂರು ತಿರುಗಿ ಸ್ನೇಹಿತರಿಂದ ನಾಲ್ಕು ಸಾಲು ಬರೆಸಿಕೊಂಡರು. ಅದಕ್ಕೂ ಆಲ್ಬಂ ಅಂದರು. ಆಮೇಲೆ ಅಂಚೆಚೀಟಿ ಅಂಟಿಸಿದರು, ಆಮೇಲೆ ಫೋಟೋ. ಕಾರವಾರದ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ನೋಡಿದ್ದೀಯಲ್ಲ?"

"ನೋಡಿದ್ದೇನೆ."

"ಯಾವ ಬಣ್ಣ?"

"ಮೇಲೆ ಕೆಂಪು ಮಖಮಲ್ಲು. ಒಳಗೆ ಕಪ್ಪು ಹಾಳೆ."

"ಬಿಳಿ?"

ಸುಬ್ರಾಯ ಯೋಚಿಸಿದ. "ಇಲ್ಲ."

"ಯಾರಾದರೂ ಕೇಳಿದರಾ ಅದನ್ನ, ನೀನು ಬಿಳಿ ಅಲ್ಲವಲ್ಲ, ಮತ್ತೆ ಎಂತಕ್ಕೆ ಆ ಹೆಸರು ಅಂತ?"

"ಯಾರು ಕೇಳ್ತಾರೆ? ಫೋಟೋ ಹಿಡಿದರೆ ಸಾಕು."

ಗುರುಗಳು ಉಜ್ಜಿದ ಕಾಳುಗಳನ್ನು ನೀರಿಗೆ ಹಾಕಿದರು. ಸಿಪ್ಪೆ ತೇಲಿತು.

"ಇಟಲಿಯ ಹಡಗು ಬಂದರೆ ಅವರ ಮೇಸ್ತ್ರಿ ಹೇಳ್ತಿದ್ದ, ಆಲ್ಬಾ ಹೊತ್ತಿಗೆ ಸರಕು ಏರಬೇಕು ಅಂತ. ಆಲ್ಬಾ ಅಂದರೆ ಬೆಳಗಿನ ಜಾವ. ಅದೂ ಇದೇ ಮನೆಯದ್ದು."

"ಬೆಳಗು ಬಿಳಿಯಾ?"

"ನಮ್ಮವರೂ ಅದನ್ನೇ ಮಾಡಿದ್ದಾರಲ್ಲ. ಬಿಳಿ, ಬೆಳಕು, ಬೆಳಗು, ಬೆಳ್ಳಿ, ಬೆಳದಿಂಗಳು. ಒಂದೇ ಬೇರಿನವು. ಆದರೆ ಬೆಳಗಾಯ್ತು ಅಂದರೆ ನೀನು ಬಣ್ಣ ನೋಡ್ತೀಯಾ, ಏಳ್ತೀಯಾ?"

"ನೀವು ಏಳಿಸ್ತೀರಿ."

"ಪಾದ್ರಿಗಳು ಪೂಜೆಗೆ ತೊಡುವ ನಿಲುವಂಗಿ ಉಂಟಲ್ಲ, ಪೋರ್ಚುಗೀಸಿನಲ್ಲಿ ಆಲ್ವ. ಅದೂ ಅಲ್ಲಿಂದಲೇ. ಅದು ಬಿಳಿಯೂ ಹೌದು. ಆದರೆ ಅದನ್ನು ತೊಟ್ಟು ಬಂದ ಕೂಡಲೇ ಜನ ಎದ್ದು ನಿಲ್ಲೂದು ಬಿಳಿಗಲ್ಲ."

ಸುಬ್ರಾಯ ಇನ್ನೊಂದು ಹಿಡಿ ಕಾಳು ಉಜ್ಜಿದ. ಈ ಸಲ ಕಾಳು ಒಡೆಯಲಿಲ್ಲ.

"ಇಷ್ಟೆಲ್ಲ ಊರು ತಿರುಗಿದ ಮಾತು. ಹುಟ್ಟೂರಲ್ಲಿ ದೊಡ್ಡ ಮರ್ಯಾದೆ ಇರಬೇಕು ಅದಕ್ಕೆ."

"ರೋಮಿನಲ್ಲಿ ಇವತ್ತು ಬಿಳಿ ಅಂಗಿ ಬೇಕಾದರೆ ಎಂತ ಹೇಳಿ ಕೇಳಬೇಕು?"

"ಆಲ್ಬುಸ್?"

"ಆಲ್ಬುಸ್ ಅಂದರೆ ಅಂಗಡಿಯವ ನಿನ್ನ ಮುಖ ನೋಡ್ತಾನೆ. ಬಿಯಾಂಕೊ ಅನ್ನಬೇಕು. ಉತ್ತರದಿಂದ ಬಂದ ಜನ ತಂದು ಇಳಿಸಿದ ಮಾತು ಅದು."

"ಹಾಗಾದರೆ ಇದು?"

"ಅಂಗಡಿ ಮುಚ್ಚಿತು. ದೂರದ ಒಂದೆರಡು ನಾಡಿನ ಮಾತಿನಲ್ಲಿ ಹಳೇ ಬೋರ್ಡು ಇನ್ನೂ ನೇತಾಡ್ತಿದೆ, ಬಿಡು. ಮನೆಯಲ್ಲೇ ಕೂತು ನಾನು ಬಿಳಿ, ನಾನು ಬಿಳಿ ಅಂತ ಹೇಳ್ತಾ ಇದ್ದದ್ದಕ್ಕೆ ಬದಲಿಗೆ ಬೇರೊಬ್ಬ ಸಿಕ್ಕಿದ. ಬಣ್ಣ ಹೇಳ್ಲಿಕ್ಕೆ ಯಾರಾದರೂ ಆಗ್ತದೆ. ಆಲ್ಬಂ, ಆಲ್ಬಾ ಹಾಗೆ ಹೊರಗೆ ಹೋಗಿ ಕೆಲಸ ಹಿಡಿದವನ್ನು ಮಾತ್ರ ಯಾರಿಗೂ ತೆಗೀಲಿಕ್ಕಾಗಲಿಲ್ಲ."

"ಹಾಗಾದರೆ ಆಲ್ಬಿನೊಗೆ ಯಾವ ಕೆಲಸ ಸಿಕ್ಕಿತು ಗುರುಗಳೇ?"

ಗುರುಗಳು ಎದ್ದು ಕೈ ಒರೆಸಿಕೊಂಡರು.

"ನಿನ್ನ ತಂಗಿಯ ಮದುವೆಯಲ್ಲಿ ಗಜಾನನನ ಕೆಲಸ ಎಂತ?"

"ಅರಳು ಹಾಕೂದು."

"ಅದು ಗಜಾನನನ ಕೆಲಸವಾ?"

ಗುರುಗಳು ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಊಟದ ಹೊತ್ತಿಗೆ ಅವನು ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ.

"ಗುರುಗಳೇ, ನಾನು ಮಂಟಪದಲ್ಲಿ ನಿಂತದ್ದರಿಂದಲೇ ಅವಳ ಬಾಳು ಕೆಟ್ಟರೆ?"

"ಇದು ಕೇಳುವಂಥ ಪ್ರಶ್ನೆ. ಬೆಳಿಗ್ಗೆಯಿಂದ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದೆ."

"ಉತ್ತರ ಎಂತ?"

"ನನಗೆ ಗೊತ್ತಿಲ್ಲ."

"ಮತ್ತೆ ಯಾರಿಗೆ ಗೊತ್ತು?"

"ಅಂಕೋಲೆಯವರಿಗೆ. ಮಜ್ಜಿಗೆ ಹಾಕಿಸಿಕೋ."

ಸಂಜೆ ಅನಂತಯ್ಯ ದೋಣಿಗೆ ಬಂದಾಗ ಸುಬ್ರಾಯ ಮೆಟ್ಟಿಲ ಮೇಲೆ ನಿಂತಿದ್ದ. ಒಗೆದ ಪಂಚೆ, ಹೆಗಲಿಗೆ ಚೀಲ, ತಲೆಯ ಮೇಲೆ ಕೊಡೆ. ಗುರುಗಳು ಕೆಳಗಿನ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದರು.

"ಎಲ್ಲಿಗೆ ಹೊರಟೆ?"

"ನಿಮ್ಮ ಜೊತೆ. ಅಂಕೋಲೆಗೆ."

"ತಲೆ ಕೆಟ್ಟಿದೆಯಾ ನಿಂಗೆ?"

"ಮಾವ, ಬೆಳಿಗ್ಗೆ ಒಂದು ಕೇಳಲು ಮರೆತೆ. ತಂಗಿ ಶೈಲಜೆ ಎಂತ ಅಂದಳು?"

ಅನಂತಯ್ಯ ಕರೆಯೋಲೆಯ ಕಟ್ಟನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದ. "ಅವಳು ಎಂತ ಹೇಳ್ತಾಳೆ? ಅಳ್ತಾಳೆ. ಅಣ್ಣನೇ ಅರಳು ಹಾಕಬೇಕು ಅಂತಾಳೆ. ಲೋಕ ಕಂಡವಳಾ ಅವಳು?"

ಸುಬ್ರಾಯ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಾಗಾದರೆ ಅರಳು ನಾನೇ ಹಾಕ್ತೇನೆ ಮಾವ. ಆದರೆ ಅವರನ್ನು ಮಂಟಪದಲ್ಲಿ ಬೆಚ್ಚಿಸೂದು ಬೇಡ. ಇವತ್ತೇ ನೋಡಲಿ."

ಅನಂತಯ್ಯ ಗುರುಗಳ ಕಡೆ ತಿರುಗಿದ. "ನೀವಾದರೂ ಹೇಳಿ. ವ್ಯಾಪಾರ ಮಾಡಿದವರು ನೀವು."

"ಅದನ್ನೇ ಕೇಳ್ತೇನೆ. ಹರಿದ ಸೀರೆಯನ್ನು ಮಡಿಚಿ ಮಾರಿದ್ದೀರಾ ಯಾವತ್ತಾದರೂ?"

"ಛೆ! ಆ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತಲಿಕ್ಕುಂಟಾ?"

"ನಾನು ಹರಿದ ಸೀರೆಯಾ ಗುರುಗಳೇ?" ಸುಬ್ರಾಯನ ದನಿ ಸಣ್ಣಗಾಯಿತು.

"ಅಲ್ಲ. ಆದರೆ ನೆಟ್ಟಗಿದ್ದ ಸೀರೆಯನ್ನೂ ಬಿಚ್ಚಿ ತೋರಿಸದಿದ್ದರೆ, ಗಿರಾಕಿ ಹರಿದಿದೆ ಅಂತಲೇ ತಿಳೀತಾನೆ. ಹೌದೋ ಅಲ್ಲವೋ ನಿನ್ನ ಮಾವನನ್ನು ಕೇಳು."

ಅನಂತಯ್ಯ ತಗ್ಗಿದ ದನಿಯಲ್ಲಿ ಕೇಳಿದ. "ಇವನನ್ನು ನೋಡಿ ಅವರು ಬೇಡ ಅಂದುಬಿಟ್ಟರೆ?"

"ಇವತ್ತು ಬೇಡ ಅಂದರೆ ಹುಡುಗಿ ತಾಯಿಯ ಮನೆಯಲ್ಲಿ ಅಳ್ತಾಳೆ. ಮದುವೆಯಾದ ಮೇಲೆ ತಿಳಿದು ಅಂದರೆ ಅವರ ಮನೆಯಲ್ಲಿ ಅಳಬೇಕು. ಎಲ್ಲಿ ಅತ್ತರೆ ಕಣ್ಣು ಒರೆಸುವವರಿದ್ದಾರೆ, ನೋಡಿ."

ಅಂಬಿಗ ಹುಟ್ಟುಗೋಲಿನಿಂದ ದೋಣಿಯ ಅಂಚಿಗೆ ಬಡಿದ. "ಬರುವವರು ಬನ್ನಿ. ನೀರಿನ ಇಳಿತ ಶುರುವಾದರೆ ನಾನು ಕಾಯೂದಿಲ್ಲ."

ಅನಂತಯ್ಯ ನದಿ ನೋಡಿದ. ಸೋದರಳಿಯನನ್ನು ನೋಡಿದ, ಬೆಳಿಗ್ಗೆಯಿಂದ ಮೊದಲ ಸಲ ನೇರವಾಗಿ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಹತ್ತು. ಕೊಡೆ ಮಡಿಚಬೇಡ, ಆ ದಂಡೆಯಲ್ಲಿ ಇನ್ನೂ ಬಿಸಿಲುಂಟು."

ಸುಬ್ರಾಯ ಬಗ್ಗಿ ಗುರುಗಳ ಕಾಲು ಮುಟ್ಟಿ, ತಡವರಿಸುತ್ತ ದೋಣಿ ಹತ್ತಿ ಕೂತ. ಅನಂತಯ್ಯನೂ ಒಂದು ಕಾಲು ಒಳಗಿಟ್ಟ. ಇಟ್ಟವನು ಅಲ್ಲೇ ನಿಂತ.

"ಗುರುಗಳೇ, ಜಗಲಿ ಹತ್ತಿದ ಕೂಡಲೇ ಇವನನ್ನು ನೋಡಿ ಕೇಳ್ತಾರಲ್ಲ, ಇದು ಎಂತ ಅಂತ. ನಾನು ಎಂತ ಹೇಳಲಿ?"

"ಬಣ್ಣ ಅವರಿಗೇ ಕಾಣ್ತದೆ. ನೀವು, ಇವ ಹೆಣ್ಣಿನ ಅಣ್ಣ ಅನ್ನಿ."